ಬೀಳಲೆಂದೇ ಹೊಲಿದ ಗುಂಡಿ

ಬೀದಿಯವರಿಗೆಲ್ಲ ಆಕೆ ಕಾಜಾ ಅಕ್ಕ. ಅಂಗಿಯ ಗುಂಡಿ ತೂರುವ ತೂತಿನ ಸುತ್ತ ದಾರ ಹೆಣೆದು ಭದ್ರ ಮಾಡುವುದಕ್ಕೆ ದರ್ಜಿಗಳು ಕಾಜಾ ಎನ್ನುತ್ತಾರಲ್ಲ, ಆ ಕಾಜಾ ಹೆಣೆಯುವುದು, ಅದರ ಎದುರಿಗೆ ಗುಂಡಿ ಹೊಲಿಯುವುದು, ಇಷ್ಟೇ ಆಕೆಯ ಕಸುಬು. ಬಟ್ಟೆ ಕತ್ತರಿಸುವವರು ಬೇರೆ, ಮಿಷನ್ ತುಳಿಯುವವರು ಬೇರೆ. ಅವರೆಲ್ಲ ಮುಗಿಸಿ ಕೈಕೊಡವಿಕೊಂಡ ಮೇಲೆ ಅಂಗಿ ಬಂದು ಅಕ್ಕನ ಮಡಿಲಿಗೆ ಬೀಳಬೇಕು. "ಕತ್ತರಿಸಿದವನು ಚಿಂದಿ ಮಾಡ್ತಾನೆ, ಹೊಲಿದವನು ಚೀಲ ಮಾಡ್ತಾನೆ, ಗುಂಡಿ ಹಾಕಿದವಳು ಅಂಗಿ ಮಾಡ್ತಾಳೆ" ಎಂಬುದು ಆಕೆ ತಾನೇ ಕಟ್ಟಿ ತಾನೇ ಊರಿಗೆ ಬಿಟ್ಟ ಗಾದೆ.

ವಯಸ್ಸು ಅರವತ್ತೊಂದು. ಹದಿನೇಳರಿಂದ ಸೂಜಿ ಹಿಡಿದ ಕೈ. ಆಕೆಯ ಗುಂಡಿಗೆ ಒಂದು ಲೆಕ್ಕಾಚಾರವಿತ್ತು. ನಾಲ್ಕು ತೂತಿಗೂ ಮೂರು ಮೂರು ಸಲ ದಾರ, ಆಮೇಲೆ ಗುಂಡಿಯನ್ನು ಬಟ್ಟೆಯಿಂದ ಅಕ್ಕಿಕಾಳಿನಷ್ಟು ಮೇಲೆತ್ತಿ ಅದರ ಕೊರಳಿಗೆ ಐದು ಸುತ್ತು, ಹಿಂದುಗಡೆ ಎರಡು ಗಂಟು, ಕಡೆಗೆ ಹಲ್ಲಿನಲ್ಲಿ ಕಟಕ್. ಯಾವನಾದರೂ ಗಿರಾಕಿ ಅನುಮಾನದಿಂದ ಗುಂಡಿಯನ್ನು ಎಳೆದು ನೋಡಿದನೋ, ಮುಗಿಯಿತು. ಕೋಟನ್ನು ಗೋಡೆಯ ಗೂಟಕ್ಕೆ ಬಿಗಿದು, ಅದರ ಒಂದು ಗುಂಡಿಗೆ ಅಂಗಡಿಯ ಇಸ್ತ್ರಿಪೆಟ್ಟಿಗೆಯನ್ನು ತೂಗುಹಾಕಿ, ಪೆಟ್ಟಿಗೆ ಓಲಾಡುತ್ತಿದ್ದಂತೆ ಅಕ್ಕ ಆರಾಮಾಗಿ ಟೀ ಕುಡಿಯುವಳು. "ಗೂಟ ಕಿತ್ತು ಬಂದೀತು. ಗುಂಡಿ ಬೀಳಲ್ಲ."

ಇಂಥ ಹೆಣ್ಣಿಗೆ ಭೂಮಿಯ ಮೇಲೆ ಒಬ್ಬಳೇ ವೈರಿ, ಗಂಡನ ತಂಗಿ. ಮೂವತ್ತೆರಡು ವರ್ಷದ ಹಿಂದೆ ಆ ನಾದಿನಿಯ ಮದುವೆಗೆ ಮೇಲಂಗಿಯ ಗುಂಡಿ ಹೊಲಿದವಳು ಅಕ್ಕನೇ. ಮನೆಯವರೆಲ್ಲ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ಎದೆಯ ಮೇಲಿನ ಗುಂಡಿ ಮಾಯ. ಫೋಟೊದಲ್ಲಿ ಮದುಮಗಳು ಎದೆಗೆ ಕೈ ಒತ್ತಿಕೊಂಡು, ಯಾರದೋ ಸಾವಿನ ಸುದ್ದಿ ಕೇಳಿದವಳ ಹಾಗೆ ನಿಂತಿದ್ದಾಳೆ. ಆ ಫೋಟೊ ಇವತ್ತಿಗೂ ನಾದಿನಿಯ ಮನೆಯ ಹಜಾರದಲ್ಲಿ ತೂಗುತ್ತಿದೆ. ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಾಳೆ: "ನಮ್ಮತ್ತಿಗೆ ಹೊಲಿದ ಗುಂಡಿ ನೋಡಿ, ಎಲ್ಲಿದೆ ಹುಡುಕಿ!" ಅದಕ್ಕೆ ಅಕ್ಕನ ಉತ್ತರವೂ ಅಷ್ಟೇ ಹಳೆಯದು: "ಮದುಮಗಳು ಎರಡು ಸಲ ಪಂಕ್ತಿಗೆ ಕೂತ್ರೆ ಗುಂಡಿ ಏನು ಮಾಡುತ್ತೆ ಪಾಪ?" ಹೀಗೆ ತೀರ್ಪಿಲ್ಲದ ಮೊಕದ್ದಮೆಯಂತೆ ಆ ಒಂದು ಗುಂಡಿ ಎರಡು ಮನೆಗಳ ನಡುವೆ ಉರುಳಾಡಿಕೊಂಡೇ ಇತ್ತು.

ನಾದಿನಿಯ ಮನೆಯಲ್ಲಿ ಒಂದು ಕಾಕಟೂ ಇತ್ತು. ಕೋಳಿಯಷ್ಟು ಗಾತ್ರದ ಬಿಳಿ ಗಿಳಿ. ನೆತ್ತಿಯ ಮೇಲೆ ಹಳದಿ ಜುಟ್ಟು, ಸಿಟ್ಟು ಬಂದರೂ ಖುಷಿಯಾದರೂ ಬೀಸಣಿಗೆ ಬಿಚ್ಚಿದ ಹಾಗೆ ಏಳುವಂಥದ್ದು. ತೀರಿಹೋದ ಗಂಡ ಹದಿನಾಲ್ಕು ವರ್ಷದ ಹಿಂದೆ ತಂದುಕೊಟ್ಟಿದ್ದ. ಹೆಸರು ದೊರೆ. ಮಂಡಿ ಆಪರೇಷನ್ ಮಾಡಿಸಿಕೊಂಡು ಮೂರು ತಿಂಗಳು ಮಗಳ ಮನೆಯಲ್ಲಿ ಇರಬೇಕಾಗಿ ಬಂದಾಗ ದೊರೆಯನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆ ಎದ್ದಿತು. ಅಳಿಯನಿಗೆ ಸದ್ದು ಆಗದು. ಉಳಿದದ್ದು ಅಣ್ಣನ ಮನೆ. ಅಣ್ಣನ ಮನೆ ಎಂದರೆ ಅತ್ತಿಗೆಯ ಮನೆ.

ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯೇ ಆ ಮನೆ. ಪಂಜರವನ್ನು ಮೆಟ್ಟಿಲು ಹತ್ತಿಸಿ ಕಿಟಕಿಯ ಪಕ್ಕ ಇಟ್ಟದ್ದಾಯಿತು. ನಾದಿನಿ ಎರಡು ಹಾಳೆ ತುಂಬ ಬರೆದು ತಂದದ್ದನ್ನು ಓದತೊಡಗಿದಳು.

"ಚಾಕೊಲೇಟ್ ಬೇಡ, ಕಾಫಿ ಟೀ ಬೇಡ, ಈರುಳ್ಳಿ ಬೇಡ, ಬೆಣ್ಣೆಹಣ್ಣಂತೂ ವಿಷ. ಅಂಟದ ಬಾಣಲೆ ಜೋರಾಗಿ ಕಾಯಿಸಿದ್ರೆ ಅದರ ಹೊಗೆಗೇ ಜೀವ ಹೋಗುತ್ತೆ. ಸಾಯಂಕಾಲ ಏಳಕ್ಕೆಲ್ಲ ಬಟ್ಟೆ ಮುಚ್ಚಿ ಮಲಗಿಸ್ಬೇಕು ಅತ್ತಿಗೆ."

"ನಾನು ಎರಡು ಮಕ್ಕಳನ್ನ ಸಾಕಿದೀನಿ ಕಣೇ."

"ಮಕ್ಕಳು ಹೇಗೋ ಬೆಳೀತವೆ. ಇವನು ಹಾಗಲ್ಲ. ಎದೆ ನೋಡಿ, ಹತ್ತಿ ಮೂಟೆ ಇದ್ದ ಹಾಗಿದೆ. ಒಂದು ಪುಕ್ಕ ಆಚೀಚೆ ಆಗಿಲ್ಲ. ನಿಮ್ಮ ಕೈಗೆ ಕೊಡ್ತಿದೀನಿ ಅಂತಲೇ ಭಯ. ನಿಮ್ಮ ಕೈಯಿಂದ ಏನೇನು ಉದುರುತ್ತೆ ಅಂತ ನನಗೆ ಗೊತ್ತಿಲ್ವಾ?"

ಅಕ್ಕನಿಗೆ ನೆತ್ತಿಗೇರಿತು. ಅಂಗಿಯ ಕಾಲರಿಗೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ಕಿತ್ತು ಹಿಡಿದಳು. "ಕೇಳಿಸ್ಕೋ. ನೀನು ವಾಪಸ್ ಬಂದ ದಿನ ಇದರ ಮೈಮೇಲೆ ಒಂದೇ ಒಂದು ಪುಕ್ಕ ಕಡಿಮೆ ಇದ್ರೂ ಈ ಸೂಜಿ ಮುರಿದು ನಿನ್ನ ಕೈಗೆ ಕೊಡ್ತೀನಿ. ಆಮೇಲೆ ನಾನು ಗುಂಡಿ ಮುಟ್ಟಿದ್ರೆ ಕೇಳು."

ನಾದಿನಿ ಏನೋ ಹೇಳುವಂತೆ ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡಳು. "ನಿಮ್ಮಿಷ್ಟ ಅತ್ತಿಗೆ" ಎಂದು ಕುಂಟುತ್ತಾ ಮೆಟ್ಟಿಲಿಳಿದಳು. ಆ ಬಾಯಿ ತೆರೆದು ಮುಚ್ಚಿದ್ದನ್ನು ಅಕ್ಕ ಆಗ ಗಮನಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊದಲ ವಾರ ದೊರೆ ಮನೆಯನ್ನು ತಪಾಸಣೆ ಮಾಡಿದ. ಪಂಜರದ ಬಾಗಿಲಿನ ಕೊಂಡಿ ತೆಗೆಯಲು ಅವನಿಗೆ ಹಿಡಿದದ್ದು ಎರಡು ನಿಮಿಷ. ರೇಡಿಯೋದ ಗುಬುಟು ಕಿತ್ತ, ಅಕ್ಕನ ಯಜಮಾನರ ಕನ್ನಡಕದ ತಿರುಪು ಬಿಚ್ಚಿದ, ಪೆನ್ಸಿಲನ್ನು ಕಡ್ಡಿ ಬೇರೆ ಸೀಸ ಬೇರೆ ಮಾಡಿ ಇಟ್ಟ. ಮೈ ಕೊಡವಿದಾಗಲೆಲ್ಲ ಹಿಟ್ಟಿನಂಥ ಬಿಳಿ ಪುಡಿ ಉದುರಿ, ಇಡೀ ಮನೆ ಗಿರಣಿಯ ಹಾಗಾಯಿತು. ಬೆಳಗ್ಗೆ ಬೆಳಕು ಹರಿಯುವಾಗ ಒಮ್ಮೆ, ಸಂಜೆ ಬೆಳಕು ಇಳಿಯುವಾಗ ಒಮ್ಮೆ, ಥೇಟ್ ನಾದಿನಿಯ ದನಿಯಲ್ಲಿ "ಅತ್ತಿಗೇ!" ಎಂದು ಕಿರುಚುವನು. ವೈರಿ ಮೂರು ತಿಂಗಳು ದೂರ ಹೋದಳು ಎಂದುಕೊಂಡರೆ, ದನಿಯನ್ನು ಇಲ್ಲೇ ಬಿಟ್ಟುಹೋಗಿದ್ದಳು.

ಯಜಮಾನರಿಗೆ ಇದರಿಂದ ತೊಂದರೆಯಾಗಲಿಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿದವರು. ಎಂಜಿನ್ನಿನ ಪಕ್ಕದಲ್ಲಿ ಕೂತೂ ಕೂತೂ ಎಡಗಿವಿಯನ್ನು ಅದಕ್ಕೇ ಅರ್ಪಿಸಿಬಿಟ್ಟಿದ್ದರು. ಈಗ ಆ ಎಡಗಿವಿಯನ್ನು ಪಂಜರದ ಕಡೆ ತಿರುಗಿಸಿ, ಪತ್ರಿಕೆ ಬಿಡಿಸಿಕೊಂಡು ಕೂತರೆ ಲೋಕವೆಲ್ಲ ಶಾಂತ.

ಅಕ್ಕ ಬೆಳಗ್ಗೆ ಒಂಬತ್ತಕ್ಕೆ ಕೆಳಗಿಳಿದರೆ ಸಂಜೆ ಆರಕ್ಕೆ ಮೇಲೆ ಬರುವಳು. ಅಲ್ಲಿಯವರೆಗೆ ದೊರೆ ಕೂಗಿದ, ಯಾರೂ ಓಗೊಡಲಿಲ್ಲ. ಕುಣಿದ, ಯಾರೂ ನೋಡಲಿಲ್ಲ. ಒಂಬತ್ತನೆಯ ದಿನ ಅಕ್ಕ ಬಾಗಿಲು ತೆರೆದರೆ ಪಂಜರದ ಕೆಳಗೆ ದಿಂಬು ಹರಿದಂತೆ ಬಿಳಿ ಪುಕ್ಕ. ದೊರೆಯ ಎದೆಯ ಮೇಲೆ ಅಂಗೈ ಅಗಲದ ಬೋಳು. ಒಂದೊಂದೇ ಪುಕ್ಕವನ್ನು ಕೊಕ್ಕಿನಿಂದ ಹಿಡಿದು, ಕಿತ್ತು, ರುಚಿ ನೋಡಿ ಕೆಳಗೆ ಹಾಕುತ್ತಿದ್ದಾನೆ. ಮಾರ್ಕೆಟ್ಟಿನಲ್ಲಿ ನೇತುಹಾಕಿದ ಕೋಳಿಗೂ ಇವನಿಗೂ ಜುಟ್ಟೊಂದೇ ವ್ಯತ್ಯಾಸ.

"ರೀ! ಇದೇನ್ರೀ ಇದು!"

"ಹಾಂ? ಟೀ ಆಯ್ತಾ?"

ಅಕ್ಕ ನೆಲಕ್ಕೆ ಕೂತಳು. ಪುಕ್ಕಗಳನ್ನೆಲ್ಲ ಆರಿಸಿ ಒಂದು ಡಬ್ಬಿಗೆ ತುಂಬಿದಳು, ಮತ್ತೆ ಅಂಟಿಸುವ ದಾರಿಯೇನಾದರೂ ಇದ್ದೀತೋ ಎಂಬಂತೆ. ಕಾಲರಿನ ಸೂಜಿ ಕತ್ತಿಗೆ ತಣ್ಣಗೆ ತಗಲಿತು. ನಾಳೆಯೇ ಭಾನುವಾರ. ಭಾನುವಾರ ಹನ್ನೊಂದಕ್ಕೆ ನಾದಿನಿ ಮಗಳ ಮೊಬೈಲಿನಲ್ಲಿ ದೊರೆಯ ಮುಖ ನೋಡಲು ಕರೆ ಮಾಡುತ್ತಾಳೆ.

ಇಂಥ ಹೊತ್ತಿನಲ್ಲಿ ಬೇರೆಯವರಾದರೆ ಔಷಧಿ ಹುಡುಕುತ್ತಿದ್ದರು. ದರ್ಜಿ ಅಂಗಡಿಯಲ್ಲಿ ನಲವತ್ತು ನಾಲ್ಕು ವರ್ಷ ಕಳೆದವಳಿಗೆ ಬರಿಮೈ ಕಂಡರೆ ಹೊಳೆಯುವುದು ಒಂದೇ ಉಪಾಯ. ದೊರೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕೆಳಗಿಳಿದು ಕಟಿಂಗ್ ಮೇಷ್ಟ್ರ ಮುಂದೆ ಇಟ್ಟಳು. ಮೇಷ್ಟ್ರು ಎಂದರೆ ಅಂಗಡಿಯ ಒಡೆಯರು. ಕೊರಳಲ್ಲಿ ಟೇಪು, ಕಿವಿಯಲ್ಲಿ ಸೀಮೆಸುಣ್ಣ, ನಾಲಿಗೆಯಲ್ಲಿ ವ್ಯಂಗ್ಯ.

"ಒಂದು ಕೋಟು ಬೇಕು ಮೇಷ್ಟ್ರೇ. ಇವತ್ತೇ."

"ಸಾಹೇಬರು ಎಲ್ಲಿ, ಆಫೀಸಿಗಾ, ಹೆಣ್ಣು ನೋಡಕ್ಕಾ?"

"ನಗಬೇಡಿ. ನನ್ನ ಮರ್ಯಾದೆ ಪ್ರಶ್ನೆ."

ಮೇಷ್ಟ್ರು ಗಂಭೀರವಾಗಿ ಟೇಪು ಬಿಚ್ಚಿದರು. "ಎದೆ ಹನ್ನೊಂದು. ಭುಜ… ಭುಜ ಎಲ್ಲಪ್ಪಾ ನಿನಗೆ? ತೋಳಿಲ್ಲದ್ದೇ ಇರಲಿ, ರೆಕ್ಕೆಗೆ ದೊಡ್ಡ ಬಾಯಿ ಬಿಡೋಣ. ಗುಂಡಿ ಒಂದು ಸಾಲೋ, ಎರಡು ಸಾಲೋ?"

ದೊರೆ ತಲೆ ಓರೆ ಮಾಡಿ ಮೇಷ್ಟ್ರ ಅಂಗಿಯನ್ನು ನೋಡಿದ. ಜುಟ್ಟು ಎದ್ದಿತು. ಕತ್ತು ಚಾಚಿದವನೇ ಟಕ್, ಟಕ್, ಟಕ್. ಉಸಿರು ಬಿಡುವಷ್ಟರಲ್ಲಿ ಮೇಷ್ಟ್ರ ಎದೆಯ ಮೂರು ಗುಂಡಿಗಳು ನೆಲದ ಮೇಲೆ. ಅಕ್ಕನಿಗೆ ದಿಗಿಲಾಗುವ ಮೊದಲೇ ರೋಷ ಬಂತು.

"ಇದು ನಾನು ಹೊಲಿದ ಗುಂಡಿ ಅಲ್ವೇ ಅಲ್ಲ!" ಎನ್ನುತ್ತಾ ಮೇಷ್ಟ್ರ ಕಾಲರನ್ನು ಹಿಂದಕ್ಕೆ ಮಗುಚಿದಳು. ಅಲ್ಲೊಂದು ಕಂಪನಿ ಚೀಟಿ. "ಮೇಷ್ಟ್ರೇ! ರೆಡಿಮೇಡಾ?"

ಮೇಷ್ಟ್ರ ಮುಖ ಬೆಳ್ಳಗಾಯಿತು. ಊರಿಗೆಲ್ಲ ಅಳತೆ ತೆಗೆಯುವ ಮನುಷ್ಯ, ತನ್ನ ಅಂಗಿಯನ್ನು ಅಂಗಡಿಯಿಂದ ಕೊಂಡು ತೊಡುತ್ತಾನೆ ಎಂದರೆ! "ನನ್ನದು ಹೊಲಿಯಕ್ಕೆ ನನಗೆಲ್ಲಿ ಪುರುಸೊತ್ತು ಅಕ್ಕ? ಹೊರಗೆ ಹೇಳಬೇಡ."

"ನೀವೂ ಹೊರಗೆ ಹೇಳಬೇಡಿ" ಎಂದು ಅಕ್ಕ ದೊರೆಯ ಬೋಳೆದೆಯನ್ನು ಟವೆಲಿನಿಂದ ಮುಚ್ಚಿದಳು. ಹೀಗೆ ಕುಂಬಳಕಾಯಿ ಕದ್ದ ಇಬ್ಬರೂ ಒಬ್ಬರ ಹೆಗಲನ್ನೊಬ್ಬರು ಒರೆಸಿಕೊಂಡ ಮೇಲೆ, ಕಡುನೀಲಿ ಕೋಟು ರಾತ್ರಿಯೊಳಗೆ ಸಿದ್ಧವಾಯಿತು. ಮುಂದುಗಡೆ ನಾಲ್ಕು ಹೊಳೆಯುವ ಹಿತ್ತಾಳೆ ಗುಂಡಿ.

ಭಾನುವಾರ ಹನ್ನೊಂದಕ್ಕೆ ಪರದೆಯ ಮೇಲೆ ನಾದಿನಿ ಮೂಡಿದಳು.

"ಇದೇನತ್ತಿಗೆ, ಕೋಟು?"

"ಇಲ್ಲಿ ಚಳಿ ಕಣೇ. ಪಾಪ ನಡುಗ್ತಿತ್ತು."

"ಚಳಿನಾ? ಹಿಂದುಗಡೆ ಅಣ್ಣ ಬನಿಯನ್ನಲ್ಲಿ ಕೂತು ಪತ್ರಿಕೆಯಲ್ಲಿ ಗಾಳಿ ಬೀಸ್ಕೊತಿದಾನಲ್ಲ?"

ಅಕ್ಕ ಹಿಂದೆ ತಿರುಗಿದಳು. ಯಜಮಾನರು ಬೆವರೊರೆಸಿಕೊಂಡು ತಂಗಿಗೆ ಕೈಬೀಸಿದರು.

"ಅವರಿಗೆ ಜ್ವರ" ಎಂದಳು ಅಕ್ಕ.

"ಅಯ್ಯೋ ಅಣ್ಣನಿಗೆ ಜ್ವರನಾ!" ಎಂದು ಆ ಕಡೆ ಶುರುವಾದದ್ದು ಅರ್ಧ ಗಂಟೆ ನಿಲ್ಲಲಿಲ್ಲ. ಒಂದು ಸುಳ್ಳಿಗೆ ನೂರು ಮಕ್ಕಳು. ಮುಂದಿನ ನಾಲ್ಕು ದಿನ, ನಾದಿನಿ ಕರೆ ಮಾಡಿದಾಗಲೆಲ್ಲ ಯಜಮಾನರು ಆ ಸೆಕೆಯಲ್ಲೇ ಕಂಬಳಿ ಹೊದ್ದು ಮಲಗಬೇಕಾಯಿತು.

ಕೋಟು ನಾದಿನಿಯ ಕಣ್ಣು ಮುಚ್ಚಿತೇ ವಿನಾ ದೊರೆಯ ಕೊಕ್ಕನ್ನು ಕಟ್ಟಲಿಲ್ಲ. ಎದೆ ಸಿಗದೆ ಹೋದಾಗ ಅವನು ಕತ್ತಿನ ಕೆಳಗೆ ಕೈಹಾಕಿದ. ಅಕ್ಕ ಒಂದು ಮಧ್ಯಾಹ್ನ, ತನ್ನ ಜನ್ಮದಲ್ಲೇ ಮೊದಲ ಬಾರಿಗೆ ಅಂಗಡಿಗೆ ರಜೆ ಹೇಳಿ, ಪಂಜರ ಹೊತ್ತು ಪ್ರಾಣಿಗಳ ಆಸ್ಪತ್ರೆಗೆ ಹೋದಳು. ಒಂದು ಕಡೆ ಕಟ್ಟುಹಾಕಿದ ನಾಯಿ, ಇನ್ನೊಂದು ಕಡೆ ಬುಟ್ಟಿಯಲ್ಲಿ ಬೆಕ್ಕು, ನಡುವೆ ಕೋಟು ತೊಟ್ಟ ದೊರೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ರಕ್ತ ತೆಗೆದಳು, ಚರ್ಮ ನೋಡಿದಳು, ಬಾಯಿ ನೋಡಿದಳು.

"ರೋಗ ಏನೂ ಇಲ್ಲಮ್ಮ. ಕಾಕಟೂ ಅಂದ್ರೆ ಹಿಂಡಿನಲ್ಲಿ ಬದುಕೋ ಹಕ್ಕಿ. ಇದಕ್ಕೆ ಜನ ಬೇಕು, ಕೆಲಸ ಬೇಕು. ಎರಡೂ ಇಲ್ದಿದ್ರೆ ತನ್ನ ಮೈಯನ್ನೇ ಕೆಲಸ ಮಾಡ್ಕೊಳ್ಳುತ್ತೆ. ದಿನಾ ಒಂದೇ ಇರುತ್ತಾ?"

"ಯಜಮಾನರು ಇರ್ತಾರೆ. ಇದ್ದೂ ಇಲ್ಲದ ಹಾಗೆ."

"ಕಿರುಚಿದ್ರೆ ಬೈತೀರಾ?"

"ಬೈದೇ ಬೈತೀನಿ."

"ಬೈಬೇಡಿ. ಬೈಗುಳನೂ ಅದಕ್ಕೆ ಮಾತೇ. ಕಿರುಚಿದ್ರೆ ಇವರು ಬರ್ತಾರೆ ಅಂತ ಕಲಿತುಬಿಡುತ್ತೆ. ಸುಮ್ಮನಿದ್ದಾಗ ಮಾತಾಡಿಸಿ. ಸೂರ್ಯಕಾಂತಿ ಬೀಜ ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ, ದಿನಾ ಮೈಮೇಲೆ ನೀರು ಚಿಮುಕಿಸಿ." ಆಮೇಲೆ ಹಿತ್ತಾಳೆ ಗುಂಡಿಗಳನ್ನು ಉಗುರಿನಿಂದ ತಟ್ಟಿದಳು. "ಇದನ್ನ ಇವತ್ತೇ ತೆಗೀರಿ. ಲೋಹದಲ್ಲಿ ಸತು ಇರುತ್ತೆ, ಕಚ್ಚಿ ಕಚ್ಚಿ ಹೊಟ್ಟೆಗೆ ಹೋದ್ರೆ ವಿಷ. ಕೋಟು ತಪ್ಪಲ್ಲ, ಒಪ್ಪಿಕೊಂಡಿದೆ. ರಾತ್ರಿ ಬಿಚ್ಚಿಡಿ. ಆದ್ರೆ ಗುಂಡಿ ಮರದ್ದೇ ಇರಲಿ, ನುಂಗಕ್ಕಾಗದಷ್ಟು ದೊಡ್ಡದು. ದಾರದ ಎಳೆ ಉಗುರಿಗಿಂತ ಉದ್ದ ಬಿಡಬೇಡಿ, ಅದರ ಕಾಲ್ಬೆರಳಿಗೆ ಸುತ್ಕೊಂಡ್ರೆ ಬೆರಳೇ ಹೋಗುತ್ತೆ. ಗುಂಡಿ ಕೀಳಕ್ಕೆ ಬಿಡಿ. ಅದೂ ಒಂದು ಕೆಲಸ ತಾನೇ?"

"ನನ್ನ ಗುಂಡಿ ಕೀಳಕ್ಕಾಗಲ್ಲ ಡಾಕ್ಟರಮ್ಮ" ಎಂದಳು ಅಕ್ಕ, ಅಂಥ ಕಷ್ಟದಲ್ಲೂ ಬಿಡದೆ.

ಅಂದಿನಿಂದ ದೊರೆಯೂ ಅಂಗಡಿಗೆ ಇಳಿದ. ಅಕ್ಕನ ಮಣೆಯ ಪಕ್ಕ ಅವನಿಗೊಂದು ಮರದ ಕೊಂಬೆ. ಓವರ್‌ಕೋಟಿನ ದೊಡ್ಡ ಮರದ ಗುಂಡಿ ನಾಲ್ಕನ್ನು ಅಕ್ಕ ತನ್ನ ಲೆಕ್ಕದಂತೆ ಹೊಲಿದಳು: ಮೂರು ಸಲ ದಾರ, ಐದು ಸುತ್ತು, ಎರಡು ಗಂಟು. ದೊರೆ ಎರಡು ದಿನ ಮೈಮುರಿದು ದುಡಿದ. ಗುಂಡಿ ಅಲುಗಲಿಲ್ಲ. ಮಿಷನ್ ತುಳಿಯುವವರು ಚಪ್ಪಾಳೆ ತಟ್ಟಿದರು, ಅಕ್ಕ ಬೀಗಿದಳು. ಮೂರನೆಯ ದಿನ ದೊರೆ ಗುಂಡಿಯ ಕಡೆ ಬೆನ್ನು ತಿರುಗಿಸಿ, ಕೋಟಿನ ಅಂಚಿನಿಂದ ಕೊಕ್ಕು ತೂರಿಸಿ, ಹೊಟ್ಟೆಯ ಪುಕ್ಕ ಕೀಳತೊಡಗಿದ.

ಡಾಕ್ಟರಮ್ಮನಿಗೆ ಫೋನು ಹೋಯಿತು. "ಗೆಲ್ಲಕ್ಕೇ ಆಗದ ಆಟ ಯಾರು ಆಡ್ತಾರಮ್ಮ? ಸ್ವಲ್ಪ ಸಡಿಲ ಹೊಲೀರಿ. ಕಾಲು ಗಂಟೆ ಕಷ್ಟಪಟ್ಟರೆ ಬೀಳೋ ಹಾಗೆ."

ಬೀಳೋ ಹಾಗೆ! ಅಕ್ಕ ಫೋನನ್ನು ಕಿವಿಯಿಂದ ತೆಗೆದು ದಿಟ್ಟಿಸಿದಳು, ಅದು ತನ್ನನ್ನು ಬೈದಂತೆ. ಅಡುಗೆಯವಳಿಗೆ ಬೇಕೆಂದೇ ಸೀಯಿಸು ಎಂದರೆ ಹೇಗೆ? ಆದರೂ ದೊರೆಯ ಬರಿ ಹೊಟ್ಟೆ ನೋಡಿ ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲ ದಾರ ಹಾಕುತ್ತೇನೆ ಎಂದುಕೊಂಡಳು. ಕೈ ಮೂರು ಸಲ ಹಾಕಿತು. ಕೊರಳು ಸುತ್ತುವುದಿಲ್ಲ ಎಂದುಕೊಂಡಳು. ಬೆರಳು ತಾನೇ ಐದು ಸುತ್ತಿತು. ಬಿಚ್ಚಿದಳು, ಮತ್ತೆ ಹೊಲಿದಳು, ಮತ್ತೆ ಅದೇ. ನಲವತ್ತು ನಾಲ್ಕು ವರ್ಷ ಒಂದೇ ದಾರಿಯಲ್ಲಿ ನಡೆದ ಎತ್ತು, ಬೇರೆ ಹೊಲಕ್ಕೆ ತಿರುಗು ಎಂದರೆ ತಿರುಗೀತೇ?

ಮೇಷ್ಟ್ರು ಕತ್ತರಿ ಕೆಳಗಿಟ್ಟು ನೋಡುತ್ತಿದ್ದರು. "ನಾನು ಹೊಲಿದುಕೊಡ್ಲಾ ಅಕ್ಕ? ನನ್ನದು ಚೆನ್ನಾಗಿ ಬೀಳುತ್ತೆ."

"ನೀವು ರೆಡಿಮೇಡು. ಸುಮ್ಮನಿರಿ."

ಕಡೆಗೆ ಅಕ್ಕ ಸೂಜಿಯನ್ನು ಎಡಗೈಗೆ ಕೊಟ್ಟಳು. ಎಡಗೈಗೆ ಮಾನವೂ ಇಲ್ಲ, ಅಭ್ಯಾಸವೂ ಇಲ್ಲ. ಅಡ್ಡಾದಿಡ್ಡಿ ಎರಡು ಸಲ ದಾರ ಎಳೆದು, ಒಂದು ಸೋತ ಗಂಟು ಹಾಕಿತು. ದೊರೆ ಹಿಡಿದ, ತಿರುಚಿದ, ಒಂದು ಕಾಲೆತ್ತಿ ಒತ್ತಿಹಿಡಿದು ಜಗ್ಗಿದ. ಹದಿಮೂರನೆಯ ನಿಮಿಷಕ್ಕೆ ಗುಂಡಿ ಟಕ್ಕನೆ ನೆಲಕ್ಕೆ. ದೊರೆಯ ಜುಟ್ಟು ಪಟ್ಟನೆ ಬಿಚ್ಚಿಕೊಂಡಿತು. ಕೊಂಬೆಯ ಮೇಲೆ ಆ ತುದಿಯಿಂದ ಈ ತುದಿಗೆ ಕುಣಿದ. ಅಕ್ಕ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ತಾನು ಹೊಲಿದ ಗುಂಡಿ ಬಿದ್ದ ಸದ್ದು ಹಾಗಿರುತ್ತದೆ ಎಂದು ಆಕೆಗೆ ಗೊತ್ತಿರಲಿಲ್ಲ.

ಆಮೇಲೆ ಅದೇ ಪರಿಪಾಠವಾಯಿತು. ಬಲಗೈ ಗಿರಾಕಿಗೆ, ಎಡಗೈ ದೊರೆಗೆ. ದಿನಕ್ಕೆ ಹತ್ತು ಗುಂಡಿ. ಸಂಜೆ ಬಿದ್ದದ್ದನ್ನು ಎಣಿಸುವುದು, ದಾರದ ಎಳೆ ಆರಿಸುವುದು, ಮತ್ತೆ ಹೊಲಿಯುವುದು. ನಡುನಡುವೆ ಕಾಗದದ ಪೊಟ್ಟಣದಲ್ಲಿ ಬಟಾಣಿ ಸುತ್ತಿ ಕೊಟ್ಟರೆ ಬಿಡಿಸಿ ತಿನ್ನುವನು. ಗಿರಾಕಿಗಳು ಅಳತೆ ಕೊಡಲು ಬಂದವರು ದೊರೆಯ ಜೊತೆ ಹರಟಲು ನಿಂತರು. ಕೆಲಸ ಮುಗಿಸಿದ ಮೇಲೆ ಅವನು ಒಂದು ಕಾಲು ಮಡಚಿ, ಕಣ್ಣು ಅರೆಮುಚ್ಚಿ, ಕೊಕ್ಕನ್ನು ಕರಕರ ಮಸೆಯುವನು. ಅದು ನೆಮ್ಮದಿಯ ಸದ್ದು ಎಂದು ಡಾಕ್ಟರಮ್ಮ ಹೇಳಿದ್ದಳು. ಅಕ್ಕನೂ ಸೂಜಿ ಎಳೆಯುತ್ತಾ ಹಲ್ಲು ಮಸೆಯುವ ಅಭ್ಯಾಸದವಳೇ. ಮಧ್ಯಾಹ್ನದ ಹೊತ್ತು ಇಬ್ಬರೂ ಅಕ್ಕಪಕ್ಕ ಕೂತು ಕರಕರ ಎನ್ನುತ್ತಿದ್ದರೆ ಮೇಷ್ಟ್ರಿಗೆ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ.

ಎರಡನೆಯ ತಿಂಗಳು ಎದೆಯ ಮೇಲೆ ಮುಳ್ಳಿನಂಥ ಎಳೆ ಪುಕ್ಕ ಮೊಳೆಯಿತು. ಅದರಲ್ಲಿ ರಕ್ತವಿರುತ್ತದೆ, ಮುಟ್ಟಿದರೆ ನೋಯುತ್ತದೆ. ಕೋಟು ತೊಡಿಸುವಾಗ ಅಕ್ಕ ಹೆರಿಗೆಯಾದ ಮನೆಯಲ್ಲಿ ನಡೆಯುವವಳಂತೆ ಉಸಿರು ಬಿಗಿಹಿಡಿದು ತೊಡಿಸುವಳು. ಆದರೆ ಪುಕ್ಕಕ್ಕೆ ಅವಸರವಿಲ್ಲ. ಮೂರು ತಿಂಗಳು ತುಂಬಿದಾಗ ಎದೆ ಮುಚ್ಚಿತ್ತು ನಿಜ, ಹೊಟ್ಟೆಯ ಮೇಲೆ ಇನ್ನೂ ಎರಡು ಬೆರಳಗಲ ಬೋಳು ಉಳಿದಿತ್ತು. ಅಷ್ಟರಲ್ಲಿ ನಾದಿನಿ ಬಂದೇಬಿಟ್ಟಳು.

ಊರುಗೋಲು ಊರುತ್ತಾ ಅಂಗಡಿಯ ಮೆಟ್ಟಿಲು ಹತ್ತಿದವಳನ್ನು ಕಂಡದ್ದೇ ದೊರೆ "ಅತ್ತಿಗೇ!" ಎಂದು ಕಟ್ಟಡ ನಡುಗುವಂತೆ ಕೂಗಿದ. ತಲೆ ಮೇಲೆ ಕೆಳಗೆ ಆಡಿಸಿದ, ರೆಕ್ಕೆ ಅಗಲಿಸಿದ, ಹಾರಿ ಅವಳ ಮಡಿಲಿಗೆ ಇಳಿದ. ನಾದಿನಿ ಅವನ ಕತ್ತು ಕೆರೆಯುತ್ತಾ ಅತ್ತಳು. ಯಜಮಾನರೂ ಬಂದು ಕೂತರು. ಈ ಗದ್ದಲದಲ್ಲಿ ಇವಳು ಹೀಗೇ ಕೋಟಿನ ಸಮೇತ ಕರೆದುಕೊಂಡು ಹೋದರೆ ಹಾವೂ ಸಾಯದು ಕೋಲೂ ಮುರಿಯದು, ಉಳಿದ ಪುಕ್ಕ ಅವಳ ಮನೆಯಲ್ಲೇ ಬೆಳೆದುಕೊಳ್ಳುತ್ತದೆ ಎಂದು ಅಕ್ಕ ಒಳಗೊಳಗೇ ಹಾರೈಸಿದಳು.

ಮಡಿಲಲ್ಲಿ ಕೂತ ದೊರೆಗೆ ಮಾತ್ರ ಅಂದಿನ ಕೆಲಸ ನೆನಪಾಯಿತು. ಎರಡನೆಯ ಗುಂಡಿ ಹಿಡಿದ, ತಿರುಚಿದ, ಜಗ್ಗಿದ. ಟಕ್. ಗುಂಡಿ ಉರುಳಿ ನಾದಿನಿಯ ಊರುಗೋಲಿಗೆ ತಗಲಿ ನಿಂತಿತು.

ಮಿಷನ್‌ಗಳು ನಿಂತವು. ನಾದಿನಿ ಬಗ್ಗಿ ಗುಂಡಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಮೂವತ್ತೆರಡು ವರ್ಷ ಕಾದ ಮುಖ ಅದು.

"ಅತ್ತಿಗೆ, ಇದನ್ನ ಹೊಲಿದದ್ದು ನೀವೇ ತಾನೇ?"

"ಹೂಂ."

"ಬಿತ್ತು."

"ಬಿತ್ತು."

"ಎಲ್ಲಾರೂ ನೋಡಿದ್ರಾ? ಒಂದು ಹಕ್ಕಿ ಮುಟ್ಟಿದ್ದಕ್ಕೆ ಬಿತ್ತು! ನಾನು ಅವತ್ತಿಂದ ಬಡ್ಕೋತಿದೀನಿ, ಎರಡು ಸಲ ಊಟ ಮಾಡಿದ್ಲು ಅಂತ ನನ್ನನ್ನೇ ಆಡ್ಕೊಂಡ್ರಿ!"

ಅಕ್ಕ ನಿಂತಲ್ಲೇ ತೂಗಿದಳು. ಬಾಯಿ ಮುಚ್ಚಿಕೊಂಡರೆ ಬೋಳು ಹೊಟ್ಟೆ ಬಚಾವು, ಸೂಜಿ ಬಚಾವು. ಆದರೆ ಕಾಜಾ ಅಕ್ಕನ ಗುಂಡಿ ಬೀಳುತ್ತದೆ ಎಂಬ ಮಾತು ಬೀದಿಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಬಾಯಿ ಬಿಟ್ಟರೆ ಹೆಸರು ಉಳಿಯುತ್ತದೆ, ಸೂಜಿ ಹೋಗುತ್ತದೆ. ಮೇಷ್ಟ್ರು ಕಣ್ಣಲ್ಲೇ "ಬೇಡ ಅಕ್ಕ" ಎಂದರು. ಅಕ್ಕ ಕೇಳುವ ಪೈಕಿಯೇ?

"ಬೀಳಲಿ ಅಂತಲೇ ಹೊಲಿದೆ ಕಣೇ! ಎಡಗೈಲಿ ಹೊಲಿದೆ! ಬಲಗೈದು ಬೇಕಾದ್ರೆ ನೋಡು, ನಿನ್ನನ್ನೇ ಅದಕ್ಕೆ ತೂಗುಹಾಕ್ತೀನಿ!" ಎಂದವಳೇ ದೊರೆಯ ಕೋಟನ್ನು ಬಿಚ್ಚಿ ತೆಗೆದಳು. "ನೋಡ್ಕೋ. ಒಂಬತ್ತು ದಿನಕ್ಕೆ ಎದೆಯೆಲ್ಲ ಕಿತ್ಕೊಂಡ. ಬೇಜಾರಿಗೆ. ನಾನು ಕೆಳಗಿದ್ದೆ, ಇವನು ಮೇಲೆ ಒಬ್ಬನೇ. ತಪ್ಪು ನನ್ನದೇ. ಗುಂಡಿ ಕೀಳಕ್ಕೆ ಕೊಟ್ಟ ಮೇಲೆ ಪುಕ್ಕ ಬಿಟ್ಟ. ಇಷ್ಟು ಬಂದಿದೆ, ಇಷ್ಟು ಬರಬೇಕು." ಕಾಲರಿನಿಂದ ಸೂಜಿ ಕಿತ್ತು ಎರಡು ಕೈಯ ಬೆರಳ ನಡುವೆ ಹಿಡಿದಳು. "ಮಾತು ಅಂದ್ರೆ ಮಾತು."

"ಅತ್ತಿಗೆ! ಮುರೀಬೇಡಿ!"

ನಾದಿನಿಯ ಕಣ್ಣು ದೊರೆಯ ಎದೆಯ ಮೇಲಿತ್ತು. ಮೆಲ್ಲಗೆ ಕೈಯಿಟ್ಟು ಹೊಸ ಪುಕ್ಕಗಳನ್ನು ಸವರಿದಳು.

"ಇಷ್ಟು ಬೇಗ ಬಂತಾ? ನಮ್ಮ ಯಜಮಾನರು ತೀರಿಹೋದಾಗ ಹೀಗೇ ಕಿತ್ಕೊಂಡಿದ್ದ. ಮತ್ತೆ ಬರಕ್ಕೆ ಒಂದೂವರೆ ವರ್ಷ ಹಿಡೀತು. ಹೋದ ವರ್ಷ ನಾನು ಹತ್ತು ದಿನ ಮಗಳ ಮನೆಗೆ ಹೋಗಿದ್ದಕ್ಕೂ ಕಿತ್ಕೊಂಡ."

ಅಕ್ಕನ ಕೈ ಗಾಳಿಯಲ್ಲೇ ನಿಂತಿತು. "ಅಂದ್ರೆ… ನೀನು ಹೋದ್ರೆ ಕೀಳ್ತಾನೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಕೈಲಿ ಸೂಜಿ ಮೇಲೆ ಆಣೆ ಹಾಕಿಸಿದ್ಯಾ?"

"ನಾನೆಲ್ಲಿ ಹಾಕಿಸಿದೆ? ನೀವಾಗಿ ಹಾಕಿದ್ರಿ. ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟು ಜಂಬದಿಂದ ಸೂಜಿ ಎತ್ತಿದ್ರಲ್ಲ, ಇರಲಿ ಅಂತ ಮುಚ್ಕೊಂಡೆ."

ಮೇಷ್ಟ್ರು ಮೊದಲು ನಕ್ಕರು. ಆಮೇಲೆ ಮಿಷನ್‌ನವರು. ಯಜಮಾನರಿಗೆ ಅರ್ಧ ಕೇಳಿಸಿ, ಉಳಿದರ್ಧಕ್ಕೂ ಸೇರಿಸಿ ನಕ್ಕರು. ಅಕ್ಕ ಸೂಜಿಯನ್ನು ಮತ್ತೆ ಕಾಲರಿಗೆ ಚುಚ್ಚಿಕೊಂಡಳು. "ಮೋಸದ ಆಣೆಗೆ ನಾನು ಸೂಜಿ ಮುರಿಯಲ್ಲ. ನೆನಪಿಟ್ಕೋ."

"ಮುರಿದ್ರೆ ಇವನಿಗೆ ಗುಂಡಿ ಹೊಲಿಯೋರು ಯಾರು?" ಎಂದಳು ನಾದಿನಿ, ದನಿ ಇಳಿಸಿ. "ಬೀಳೋ ಹಾಗೆ ಹೊಲಿಯೋದು ನನಗೂ ಹೇಳಿಕೊಡಿ ಅತ್ತಿಗೆ."

"ನಿನಗೆ ಹೇಳಿಕೊಡಬೇಕಾ? ನೀನು ಹೊಲಿದದ್ದೆಲ್ಲ ತಾನಾಗೇ ಬೀಳುತ್ತೆ."

ಆದರೂ ಹೇಳಿಕೊಟ್ಟಳು. ನಾದಿನಿ ತುಟಿ ಕಚ್ಚಿ, ಬೆವರಿ, ಅರ್ಧ ಉಂಡೆ ದಾರ ಮುಗಿಸಿ ಒಂದು ಗುಂಡಿ ಹೊಲಿದಳು. ದೊರೆ ಮುಕ್ಕಾಲು ಗಂಟೆ ಹೆಣಗಿ, ಆಗದೆ, ಕೋಟಿಗೇ ಬೈದ.

"ನೋಡಿದ್ರಾ? ನನ್ನ ಗುಂಡಿ ಬೀಳಲ್ಲ!"

"ಬೀಳಬೇಕಿತ್ತು ತಾಯಿ" ಎಂದಳು ಅಕ್ಕ.

ಅಂದಿನಿಂದ ವಾರಕ್ಕೊಮ್ಮೆ ನಾದಿನಿ ದೊರೆಯನ್ನು ಹೊತ್ತು ತರುತ್ತಾಳೆ. ಅಕ್ಕ ಏಳು ದಿನಕ್ಕಾಗುವಷ್ಟು ಪುಟ್ಟ ಕೋಟುಗಳಿಗೆ ಎಡಗೈಯಿಂದ ಗುಂಡಿ ಹೊಲಿದಿಟ್ಟಿರುತ್ತಾಳೆ. ಹೊಟ್ಟೆಯ ಬೋಳೂ ಮುಚ್ಚಿತು. ಹಜಾರದ ಫೋಟೊ ಮಾತ್ರ ಇದ್ದಲ್ಲೇ ಇದೆ. ಅದನ್ನು ಇಳಿಸು ಎಂದು ಅಕ್ಕ ಕೇಳಿಲ್ಲ, ಇಳಿಸುತ್ತೇನೆ ಎಂದು ನಾದಿನಿ ಹೇಳಿಲ್ಲ.

ಒಂದು ಸಂಜೆ, ನಾದಿನಿ ಹೊರಟುಹೋದ ಮೇಲೆ, ಯಜಮಾನರು ಪತ್ರಿಕೆ ಮಡಚಿಟ್ಟು ಕೇಳಿದರು: "ಅಲ್ವೇ, ಇಷ್ಟೆಲ್ಲ ಆಯ್ತು. ನಿಜ ಹೇಳು. ಮದುವೆ ದಿನ ಆ ಗುಂಡಿ ಹೇಗೆ ಬಿತ್ತು? ಆಗಲೂ ನಿಮ್ಮಿಬ್ಬರಿಗೂ ಆಗ್ತಾ ಇರ್ಲಿಲ್ಲ."

ಅಕ್ಕ ಕೈಯಲ್ಲಿದ್ದ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡಳು. ಎದ್ದು ಬಂದು ಅವರ ಎಡಗಡೆ ಕೂತಳು. ಎಂಜಿನ್ನಿಗೆ ಅರ್ಪಿಸಿದ ಆ ಕಿವಿಯ ಹತ್ತಿರ ಬಾಯಿ ತಂದು, ಅಂದು ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಎಳೆಯೂ ಬಿಡದೆ, ನಿಧಾನವಾಗಿ ಹೇಳಿದಳು.

"ಏನಂದೆ?"

"ಟೀ ಆರಿಹೋಗುತ್ತೆ, ಕುಡೀರಿ ಅಂದೆ."